ಒಂದು ಸರ್ವರ್ ಸತ್ತರೆ ಮೂರೂ ಸ್ತಬ್ಧ: ಜಿಎಫ್‌ಎಸ್2 ಕ್ಲಸ್ಟರ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಮೂರು ಸರ್ವರ್‌ಗಳು ಒಂದೇ ಡಿಸ್ಕನ್ನು ಹಂಚಿಕೊಂಡಿವೆ. ಡಿಸ್ಕಿನ ಮೇಲೆ ಜಿಎಫ್‌ಎಸ್2 ಇದೆ; ಹಲವು ಸರ್ವರ್‌ಗಳು ಒಂದೇ ಡಿಸ್ಕನ್ನು ಒಟ್ಟಿಗೆ ಬಳಸಲೆಂದೇ ಮಾಡಿದ ಲಿನಕ್ಸ್ ಫೈಲ್ ಸಿಸ್ಟಮ್ ಅದು. ಮೂರರಲ್ಲೂ ಅದು ಏಕಕಾಲಕ್ಕೆ ಮೌಂಟ್ ಆಗಿದೆ, ಅಂದರೆ ಬಳಕೆಗೆ ಜೋಡಣೆಯಾಗಿದೆ. ಅವುಗಳಲ್ಲಿ ಒಂದು ಸರ್ವರ್ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಉಳಿದೆರಡು ಪಿಂಗ್‌ಗೆ ಉತ್ತರ ಕೊಡುತ್ತಿವೆ, ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಲೂ ಬಿಡುತ್ತಿವೆ. ಆದರೆ ಹಂಚಿಕೆಯ ಡೈರೆಕ್ಟರಿಗೆ ಹೋಗಿ ‘ಎಲ್‌ಎಸ್’ ಕೊಟ್ಟರೆ ಟರ್ಮಿನಲ್ ಅಲ್ಲೇ ನಿಲ್ಲುತ್ತದೆ. ಕಂಟ್ರೋಲ್-ಸಿ ಒತ್ತಿದರೂ ಬಿಡುವುದಿಲ್ಲ, ‘ಕಿಲ್ -9’ಕ್ಕೂ ಜಗ್ಗುವುದಿಲ್ಲ. ಒಂದು ಹೋದರೆ ಇನ್ನೊಂದು ಇರಲಿ ಎಂದೇ ಮೂರನ್ನೂ ಸೇರಿಸಿ ಕ್ಲಸ್ಟರ್ ಕಟ್ಟಿದ್ದು. ಈಗ ಒಂದು ಹೋಗಿ ಎಲ್ಲವೂ ನಿಂತಿದೆ.

ಈ ಸ್ಥಿತಿಯಲ್ಲಿ ಫೈಲ್ ಸಿಸ್ಟಮ್ ಕೆಟ್ಟಿರುವುದು ಅಪರೂಪ. ಅದು ಯಾವುದೋ ಒಂದು ಉತ್ತರಕ್ಕಾಗಿ ಕಾಯುತ್ತಿರುತ್ತದೆ, ಬೇಕೆಂದೇ ಕಾಯುತ್ತಿರುತ್ತದೆ. ಆ ಉತ್ತರ ಎಲ್ಲಿಂದ ಬರಬೇಕಿತ್ತು, ಏಕೆ ಬರಲಿಲ್ಲ ಎಂದು ಪತ್ತೆ ಹಚ್ಚುವುದೇ ದೋಷ ನಿವಾರಣೆಯ ಮುಕ್ಕಾಲು ಪಾಲು. ಕಾಯುವಿಕೆಯನ್ನೇ ದೋಷವೆಂದು ತಿಳಿದು ಅದನ್ನು ಬಲವಂತವಾಗಿ ತಪ್ಪಿಸಲು ಹೋದವರು ದತ್ತಾಂಶ ಕಳೆದುಕೊಳ್ಳುತ್ತಾರೆ. ಈ ಕೈಪಿಡಿಯನ್ನು ಬರೆಯಲು ಮುಖ್ಯ ಕಾರಣ ಅದೇ.

ಉದಾಹರಣೆಗೆ ಬಳಸಿರುವ ವ್ಯವಸ್ಥೆ ಹೀಗಿದೆ: ರೆಡ್ ಹ್ಯಾಟ್ ಲಿನಕ್ಸ್‌ಗೆ ಹೊಂದುವ ಆಲ್ಮಾಲಿನಕ್ಸ್ 9 ನಡೆಸುವ ಮೂರು ಸರ್ವರ್‌ಗಳು, ಹೆಸರು ತುಂಗಾ, ಭದ್ರಾ, ಶರಾವತಿ. ಕ್ಲಸ್ಟರ್‌ನ ಹೆಸರು ಮಲೆನಾಡು, ಫೈಲ್ ಸಿಸ್ಟಮ್‌ನ ಹೆಸರು ಕಣಜ. ಡಿಸ್ಕ್ ಬರುವುದು ಐಎಸ್‌ಸಿಎಸ್‌ಐ ಮೂಲಕ, ಅಂದರೆ ನೆಟ್‌ವರ್ಕಿನ ಮೇಲೆ. ಸದಸ್ಯತ್ವವನ್ನು ಕೋರೋಸಿಂಕ್ ನೋಡಿಕೊಳ್ಳುತ್ತದೆ, ಸೇವೆಗಳನ್ನು ಪೇಸ್‌ಮೇಕರ್ ನಡೆಸುತ್ತದೆ, ಯಾರು ಯಾವುದನ್ನು ಮುಟ್ಟಬಹುದು ಎಂಬ ಲಾಕ್‌ಗಳನ್ನು ಡಿಎಲ್‌ಎಂ ಹಂಚುತ್ತದೆ, ಎಲ್‌ವಿಎಂ ಡಿಸ್ಕನ್ನು ವಿಂಗಡಿಸಿ ಮಾಡಿದ ಲಾಜಿಕಲ್ ವಾಲ್ಯೂಮ್‌ಗಳ ಕಾವಲು ಎಲ್‌ವಿಎಂಲಾಕ್‌ಡಿಯದು. ಕಮಾಂಡ್‌ಗಳನ್ನು ಉಚ್ಚರಿಸುವಂತೆಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ರೋಮನ್ ಅಕ್ಷರಗಳಲ್ಲಿ ಕೊಡಬೇಕು.

ಮೊದಲ ಹತ್ತು ನಿಮಿಷ

ಸ್ತಬ್ಧವಾದ ವ್ಯವಸ್ಥೆಯ ಮುಂದೆ ಕುಳಿತಾಗ ಕೈ ತಾನಾಗಿ ರೀಬೂಟ್ ಕಡೆಗೆ ಹೋಗುತ್ತದೆ. ಅದನ್ನು ತಡೆಯಿರಿ. ಉಳಿದಿರುವ ಎರಡರಲ್ಲಿ ಒಂದನ್ನು ರೀಬೂಟ್ ಮಾಡಿದರೆ ಮೂರರಲ್ಲಿ ಒಂದೇ ಉಳಿಯುತ್ತದೆ, ಕೋರಂ (ಕ್ಲಸ್ಟರ್ ನಡೆಯಲು ಬೇಕಾದ ಬಹುಮತ) ಹೋಗುತ್ತದೆ, ಇದ್ದ ಒಂದು ತೊಂದರೆಯ ಮೇಲೆ ಇನ್ನೊಂದು ಕೂರುತ್ತದೆ. ರೀಬೂಟ್ ಕೂಡ ಸಲೀಸಾಗಿ ಮುಗಿಯುವುದಿಲ್ಲ. ಅನ್‌ಮೌಂಟ್ ಮಾಡಲು ಬೇಕಾದ ಲಾಕ್ ಸಿಗದೆ ಯಂತ್ರ ಸ್ಥಗಿತಗೊಳ್ಳುವ ಹಂತದಲ್ಲೇ ಸಿಕ್ಕಿಕೊಳ್ಳುತ್ತದೆ.

ಅದಕ್ಕಿಂತಲೂ ಅಪಾಯಕಾರಿ ಕೆಲಸ ಫೈಲ್ ಸಿಸ್ಟಮ್ ದುರಸ್ತಿ ಮಾಡುವ ‘ಎಫ್‌ಎಸ್‌ಸಿಕೆ.ಜಿಎಫ್‌ಎಸ್2’ ಓಡಿಸುವುದು. ಒಂದೇ ಒಂದು ನೋಡ್‌ನಲ್ಲಿ (ಕ್ಲಸ್ಟರ್‌ನ ಸರ್ವರ್‌ನಲ್ಲಿ) ಫೈಲ್ ಸಿಸ್ಟಮ್ ಮೌಂಟ್ ಆಗಿದ್ದರೂ ಅದನ್ನು ಓಡಿಸಬಾರದು. ಸ್ತಬ್ಧವಾಗಿರುವ ಮೌಂಟ್ ಕೂಡ ಮೌಂಟೇ.

ಮಾಡಬೇಕಾದದ್ದು ಇಷ್ಟು. ಬದುಕಿರುವ ಪ್ರತಿ ನೋಡ್‌ನಲ್ಲೂ ‘ಡಿಮೆಸೇಜ್’ (dmesg) ಹಾಗೂ ‘ಜರ್ನಲ್‌ಸಿಟಿಎಲ್’ ಕೊಡುವ ಲಾಗ್ ಸಾಲುಗಳನ್ನು ಸ್ಥಳೀಯ ಡಿಸ್ಕಿಗೆ ಉಳಿಸಿಕೊಳ್ಳಿ. ‘ಪಿಎಸ್’ ಪಟ್ಟಿಯಲ್ಲಿ ‘ಡಿ’ ಸ್ಥಿತಿಯಲ್ಲಿರುವ, ಅಂದರೆ ಕೊಲ್ಲಲೂ ಆಗದಂತೆ ಕಾಯುತ್ತಿರುವ ಪ್ರಕ್ರಿಯೆಗಳನ್ನು ಗುರುತಿಸಿ. ಕರ್ನೆಲ್ ಲಾಗ್‌ನಲ್ಲಿ ಇಂಥ ಪ್ರಕ್ರಿಯೆ 120 ಸೆಕೆಂಡಿಗಿಂತ ಹೆಚ್ಚು ಕಾಲ ತಡೆದು ನಿಂತಿದೆ ಎಂಬ ಸಂದೇಶ ಬಂದಿರುತ್ತದೆ. ಅದರ ಕೆಳಗಿನ ಕರೆಗಳ ಸರಣಿಯಲ್ಲಿ ‘ಜಿಲಾಕ್’ ಎಂಬ ಪದ ಕಂಡರೆ ಆ ಪ್ರಕ್ರಿಯೆ ಲಾಕಿಗಾಗಿ ಕಾಯುತ್ತಿದೆ ಎಂದರ್ಥ. ಮೂರೂ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿದೆಯೇ ಎಂದು ‘ಕ್ರೋನಿಸಿ ಟ್ರ್ಯಾಕಿಂಗ್’ ಮೂಲಕ ನೋಡಿಕೊಳ್ಳಿ. ಡಿಎಲ್‌ಎಂಗೆ ಗಡಿಯಾರದ ಹಂಗಿಲ್ಲ, ಆದರೆ ಮೂರು ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ಓದುವ ನಿಮಗೆ ಇದೆ. ಯಾವ ಘಟನೆ ಮೊದಲು, ಯಾವುದು ಆನಂತರ ಎಂಬುದು ತಿಳಿಯದಿದ್ದರೆ ಮುಂದಿನ ತರ್ಕವೆಲ್ಲ ಅಡಿಪಾಯವಿಲ್ಲದ ಗೋಡೆ.

ಏಕೆ ಕಾಯುತ್ತದೆ

ಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಇರುವ ಡಿಸ್ಕನ್ನು ಎರಡು ಸರ್ವರ್‌ಗಳಲ್ಲಿ ಒಟ್ಟಿಗೆ ಮೌಂಟ್ ಮಾಡಿದರೆ ಏನಾಗುತ್ತದೆ? ಪ್ರತಿ ಸರ್ವರ್ ತನ್ನ ಮೆಮೊರಿಯಲ್ಲಿ ಡಿಸ್ಕಿನ ಒಂದು ಚಿತ್ರ ಇಟ್ಟುಕೊಂಡು, ಬೇರೆ ಯಾರೂ ಬರೆಯುತ್ತಿಲ್ಲ ಎಂದು ನಂಬಿ ಬರೆಯುತ್ತದೆ. ಇಬ್ಬರು ಗುಮಾಸ್ತರು ಒಂದೇ ಖಾತೆ ಪುಸ್ತಕದ ಬೇರೆಬೇರೆ ನಕಲು ಇಟ್ಟುಕೊಂಡು ಸಂಜೆ ಅಸಲಿನ ಮೇಲೆ ಬರೆದ ಹಾಗೆ: ಯಾರು ಕೊನೆಗೆ ಬರೆದರೋ ಅವರದ್ದು ಉಳಿಯುತ್ತದೆ, ಇನ್ನೊಬ್ಬರದು ಅಳಿಸಿಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಫೈಲ್ ಸಿಸ್ಟಮ್ ಛಿದ್ರವಾಗಬಹುದು.

ಜಿಎಫ್‌ಎಸ್2 ಇದಕ್ಕೆ ಪರಿಹಾರವಾಗಿ ಪ್ರತಿ ಇನೋಡ್‌ಗೂ (ಒಂದು ಫೈಲ್ ಅಥವಾ ಡೈರೆಕ್ಟರಿಯ ದಾಖಲೆ), ಪ್ರತಿ ಸಂಪನ್ಮೂಲ ಗುಂಪಿಗೂ (ಡಿಸ್ಕ್ ಜಾಗದ ಒಂದು ವಿಭಾಗ) ಲಾಕ್ ಇಡುತ್ತದೆ. ಬರೆಯುವ ನೋಡ್ ಆ ಲಾಕನ್ನು ಏಕಸ್ವಾಮ್ಯದ ಸ್ಥಿತಿಯಲ್ಲಿ ಪಡೆಯಬೇಕು. ಭದ್ರಾ ಅಂಥ ಒಂದು ಲಾಕ್ ಹಿಡಿದುಕೊಂಡೇ ಮಾಯವಾದರೆ ಉಳಿದವರಿಗೆ ಎರಡು ಸಾಧ್ಯತೆಗಳು: ಭದ್ರಾ ನಿಜವಾಗಿ ಸತ್ತಿದೆ, ಇಲ್ಲವೇ ಅದರ ನೆಟ್‌ವರ್ಕ್ ಮಾತ್ರ ಕಡಿದಿದೆ ಮತ್ತು ಅದು ಇನ್ನೂ ಡಿಸ್ಕಿಗೆ ಬರೆಯುತ್ತಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಭದ್ರಾಳ ಕೈಯಲ್ಲಿ ಇನ್ನು ಬರೆಯಲಾಗದು ಎಂಬುದು ಖಚಿತವಾಗುವವರೆಗೆ ಡಿಎಲ್‌ಎಂ ಆ ಫೈಲ್ ಸಿಸ್ಟಮ್‌ನ ಲಾಕ್‌ಗಳ ಗುಂಪಾದ ಲಾಕ್‌ಸ್ಪೇಸ್‌ನ ಕೆಲಸವನ್ನು ನಿಲ್ಲಿಸುತ್ತದೆ. ಆ ಖಾತ್ರಿ ಕೊಡುವುದು ಫೆನ್ಸಿಂಗ್: ವಿದ್ಯುತ್ ಕಡಿಯುವುದು, ಇಲ್ಲವೇ ಡಿಸ್ಕಿನ ದಾರಿಯನ್ನೇ ಮುಚ್ಚುವುದು. ಫೆನ್ಸಿಂಗ್ ಯಶಸ್ವಿಯಾದ ಮೇಲೆ ಡಿಎಲ್‌ಎಂ ಸತ್ತ ನೋಡ್‌ನ ಲಾಕ್‌ಗಳನ್ನು ತೆರವುಗೊಳಿಸುತ್ತದೆ, ಬದುಕಿರುವ ಒಂದು ನೋಡ್ ಭದ್ರಾಳ ಜರ್ನಲ್ (ಮಾಡಲಿರುವ ಬದಲಾವಣೆಗಳನ್ನು ಪ್ರತಿ ನೋಡ್ ಮೊದಲು ಬರೆದಿಡುವ ದಾಖಲೆ) ಓದಿ ಅರ್ಧಕ್ಕೆ ನಿಂತ ಬರವಣಿಗೆಯನ್ನು ಪೂರ್ತಿ ಮಾಡುತ್ತದೆ, ‘ಎಲ್‌ಎಸ್’ ಮತ್ತೆ ಉಸಿರಾಡುತ್ತದೆ.

ಈ ಸರಪಳಿಯ ಯಾವ ಕೊಂಡಿಯಲ್ಲಿ ನಿಂತಿದೆ ಎಂದು ನೋಡಬೇಕು.

ಯಾರಿಗಾಗಿ ಕಾಯುತ್ತಿದೆ ಎಂದು ಕೇಳುವ ಬಗೆ

ತುಂಗಾದಲ್ಲಿ ‘ಡಿಎಲ್‌ಎಂ_ಟೂಲ್ ಎಲ್‌ಎಸ್’ ಕೊಡಿ. ಎಲ್ಲ ಸರಿಯಾಗಿರುವಾಗ ಕಣಜ ಎಂಬ ಲಾಕ್‌ಸ್ಪೇಸ್, ಅದರ ಸದಸ್ಯರು 1, 2, 3 ಎಂಬ ನೋಡ್ ಸಂಖ್ಯೆಗಳು, ಫ್ಲ್ಯಾಗ್ ಶೂನ್ಯ ಕಾಣುತ್ತವೆ. ಸ್ತಬ್ಧವಾಗಿರುವಾಗ ಫ್ಲ್ಯಾಗ್ ಜಾಗದಲ್ಲಿ ‘ಕರ್ನ್_ಸ್ಟಾಪ್’ ಎಂದಿರುತ್ತದೆ, ಕೆಳಗೆ ಹೊಸ ಬದಲಾವಣೆಯೊಂದು ಬಾಕಿ ಇದೆ ಎಂಬ ಸಾಲು, ಅದರ ಸ್ಥಿತಿಯ ಕೊನೆಯಲ್ಲಿ ‘ಫೆನ್ಸಿಂಗ್’ ಎಂಬ ಪದ. ಈ ಒಂದು ಪದ ಸಿಕ್ಕಿದರೆ ಜಿಎಫ್‌ಎಸ್2, ಎಲ್‌ವಿಎಂ, ಐಎಸ್‌ಸಿಎಸ್‌ಐ ಮೂರನ್ನೂ ಸದ್ಯಕ್ಕೆ ಮರೆಯಬಹುದು. ತೊಂದರೆ ಫೆನ್ಸಿಂಗ್‌ನದು.

ಆಗ ‘ಪಿಸಿಎಸ್ ಸ್ಟೇಟಸ್ --ಫುಲ್’ ಹಾಗೂ ‘ಪಿಸಿಎಸ್ ಸ್ಟೋನಿತ್ ಹಿಸ್ಟರಿ’ ನೋಡಿ. ಪೇಸ್‌ಮೇಕರ್ ಫೆನ್ಸಿಂಗನ್ನು ಸ್ಟೋನಿತ್ ಎಂದು ಕರೆಯುತ್ತದೆ. ಭದ್ರಾ ‘ಅನ್‌ಕ್ಲೀನ್’ ಎಂದು ಕಾಣುತ್ತಿದ್ದರೆ, ಹಿಸ್ಟರಿಯಲ್ಲಿ ಅದನ್ನು ರೀಬೂಟ್ ಮಾಡುವ ಪ್ರಯತ್ನ ಪದೇಪದೇ ಸೋತಿದ್ದರೆ ಕಾರಣ ಗೊತ್ತಾದಂತೆಯೇ.

ಬಹಳ ಸಲ ಎದುರಾಗುವ ಪ್ರಸಂಗವೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫೆನ್ಸಿಂಗ್‌ಗೆ ಹೆಚ್ಚಿನವರು ಸರ್ವರ್‌ನ ಒಳಗೇ ಇದ್ದು ಅದನ್ನು ದೂರದಿಂದ ನಿಯಂತ್ರಿಸಲು ಬಿಡುವ ಪುಟ್ಟ ಗಣಕ, ಬಿಎಂಸಿ ಬಳಸುತ್ತಾರೆ. ‘ಫೆನ್ಸ್_ಐಪಿಎಂಐಲ್ಯಾನ್’ ಏಜೆಂಟ್ ನೆಟ್‌ವರ್ಕ್ ಮೂಲಕ ಬಿಎಂಸಿಯನ್ನು ಸಂಪರ್ಕಿಸಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿಸುತ್ತದೆ. ಪರೀಕ್ಷೆಯಲ್ಲಿ ಇದು ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ, ಏಕೆಂದರೆ ಪರೀಕ್ಷೆ ಮಾಡುವಾಗ ಸರ್ವರ್‌ಗೆ ವಿದ್ಯುತ್ ಇರುತ್ತದೆ. ಈಗ ಭದ್ರಾ ಇರುವ ರ‍್ಯಾಕಿನ ಯುಪಿಎಸ್ ಕೈಕೊಟ್ಟಿತು ಎಂದುಕೊಳ್ಳಿ. ಸರ್ವರ್ ಆರಿತು, ಅದೇ ವಿದ್ಯುತ್ತಿನಲ್ಲಿ ನಡೆಯುವ ಬಿಎಂಸಿಯೂ ಆರಿತು. ತುಂಗಾ ಬಿಎಂಸಿಯನ್ನು ಕರೆಯುತ್ತದೆ, ಉತ್ತರವಿಲ್ಲ. ಉತ್ತರವಿಲ್ಲ ಎಂದರೆ ಭದ್ರಾ ಆರಿದೆ ಎಂದು ತುಂಗಾ ಊಹಿಸುವಂತಿಲ್ಲ. ಬಿಎಂಸಿಯ ನೆಟ್‌ವರ್ಕ್ ತಂತಿ ಕಳಚಿದ್ದರೂ ಇದೇ ಮೌನ. ಹಾಗಾಗಿ ಫೆನ್ಸಿಂಗ್ ಸೋಲುತ್ತದೆ, ಮತ್ತೆ ಯತ್ನಿಸುತ್ತದೆ, ಮತ್ತೆ ಸೋಲುತ್ತದೆ. ಯಂತ್ರ ನಿಜಕ್ಕೂ ಸಂಪೂರ್ಣ ಸತ್ತಿರುವಾಗಲೇ, ಅಂದರೆ ಅಪಾಯವೇ ಇಲ್ಲದಿರುವಾಗಲೇ, ಕ್ಲಸ್ಟರ್ ಅನಿರ್ದಿಷ್ಟ ಕಾಲ ನಿಂತುಬಿಡುತ್ತದೆ. ವಿದ್ಯುತ್ ವ್ಯತ್ಯಯ ಸಾಮಾನ್ಯವಾಗಿರುವ ನಮ್ಮ ಊರುಗಳಲ್ಲಿ ಬಿಎಂಸಿಯೊಂದನ್ನೇ ನಂಬುವ ವಿನ್ಯಾಸವನ್ನು ನಾನು ಅರ್ಧ ವಿನ್ಯಾಸ ಎಂದೇ ಎಣಿಸುತ್ತೇನೆ.

ತಕ್ಷಣದ ಪರಿಹಾರ ಒಂದಿದೆ. ‘ಪಿಸಿಎಸ್ ಸ್ಟೋನಿತ್ ಕನ್‌ಫರ್ಮ್ ಭದ್ರಾ’ ಎಂದರೆ ಭದ್ರಾ ಆರಿರುವುದನ್ನು ನಾನು ಖಚಿತಪಡಿಸುತ್ತೇನೆ ಎಂದು ಕ್ಲಸ್ಟರ್‌ಗೆ ನೀವು ಮಾತು ಕೊಟ್ಟಂತೆ. ಕೊಟ್ಟ ಕೂಡಲೇ ಲಾಕ್‌ಗಳು ಬಿಡುಗಡೆಯಾಗಿ ಕೆಲಸ ಮುಂದುವರಿಯುತ್ತದೆ. ಈ ಮಾತು ಸುಳ್ಳಾದರೆ, ಅಂದರೆ ಭದ್ರಾ ಎಲ್ಲೋ ಜೀವಂತವಾಗಿದ್ದರೆ, ಎರಡು ಕಡೆಯಿಂದ ಬರವಣಿಗೆ ಬಿದ್ದು ಕಣಜ ಹಾಳಾಗುತ್ತದೆ. ಆದ್ದರಿಂದ ಈ ಕಮಾಂಡ್ ಕೊಡುವ ಮುನ್ನ ಯಾರಾದರೂ ರ‍್ಯಾಕಿನ ಮುಂದೆ ನಿಂತು, ಸರಿಯಾದ ಯಂತ್ರದ ಹೆಸರು ಓದಿ, ವಿದ್ಯುತ್ ತಂತಿಗಳೆರಡನ್ನೂ ಕೈಯಾರೆ ಎಳೆದು, ಫೋನಿನಲ್ಲಿ ಹೇಳಬೇಕು. ಪಿಂಗ್ ಬರುತ್ತಿಲ್ಲ ಎಂಬುದು ಸಾಕ್ಷಿಯಲ್ಲ. ವರ್ಚುವಲ್ ಯಂತ್ರವಾದರೆ ಹೈಪರ್‌ವೈಸರ್‌ನಲ್ಲಿ ಅದು ಆರಿರುವುದನ್ನು ಕಣ್ಣಾರೆ ನೋಡಬೇಕು.

ಶಾಶ್ವತ ಪರಿಹಾರ ಎರಡನೇ ಹಂತದ ಫೆನ್ಸಿಂಗ್. ‘ಪಿಸಿಎಸ್ ಸ್ಟೋನಿತ್ ಲೆವೆಲ್ ಆ್ಯಡ್’ ಬಳಸಿ ಮೊದಲ ಹಂತಕ್ಕೆ ಬಿಎಂಸಿ, ಎರಡನೇ ಹಂತಕ್ಕೆ ರ‍್ಯಾಕಿನ ನಿಯಂತ್ರಿತ ವಿದ್ಯುತ್ ಪಟ್ಟಿ ಅಥವಾ ‘ಫೆನ್ಸ್_ಸ್ಕಝಿ’ ಇಡಬಹುದು. ಮೊದಲ ಹಂತ ಸೋತರೆ ಎರಡನೆಯದು ನಡೆಯುತ್ತದೆ. ಫೆನ್ಸ್_ಸ್ಕಝಿ ವಿದ್ಯುತ್ ಮುಟ್ಟುವುದಿಲ್ಲ. ಡಿಸ್ಕಿನಲ್ಲಿ ಪ್ರತಿ ನೋಡ್ ನೋಂದಾಯಿಸಿದ ಕೀಲಿಗಳಿರುತ್ತವೆ, ಅವುಗಳಲ್ಲಿ ಭದ್ರಾಳದನ್ನು ಕಿತ್ತು ಹಾಕುತ್ತದೆ. ಆಮೇಲೆ ಭದ್ರಾ ಬರೆಯಲು ಬಂದರೆ ಡಿಸ್ಕೇ ನಿರಾಕರಿಸುತ್ತದೆ, ಅದರ ಕರ್ನೆಲ್ ಲಾಗ್‌ನಲ್ಲಿ ‘ರಿಸರ್ವೇಶನ್ ಕಾನ್‌ಫ್ಲಿಕ್ಟ್’ ಎಂದು ಬರುತ್ತದೆ. ಇದಕ್ಕೆ ಎಸ್‌ಸಿಎಸ್‌ಐ-3 ಪರ್ಸಿಸ್ಟೆಂಟ್ ರಿಸರ್ವೇಶನ್ ಬೆಂಬಲಿಸುವ ಸ್ಟೋರೇಜ್ ಬೇಕು; ಏಜೆಂಟ್ ರಚಿಸುವಾಗ ‘ಪ್ರೊವೈಡ್ಸ್=ಅನ್‌ಫೆನ್ಸಿಂಗ್’ ಎಂಬ ಮೆಟಾ ಗುಣ ಕೊಡಲು ಮರೆಯಬಾರದು. ಮರೆತರೆ ಯಂತ್ರ ಎದ್ದಾಗ ಅದರ ಕೀಲಿ ನೋಂದಣಿಯಾಗದೆ, ಮೌಂಟ್ ಮಾಡಲು ಹೋದಾಗೆಲ್ಲ ಬರವಣಿಗೆ ಸೋಲುತ್ತದೆ. ಕೀಲಿಗಳನ್ನು ‘ಎಸ್‌ಜಿ_ಪರ್ಸಿಸ್ಟ್’ನಿಂದ ಓದಬಹುದು, ಮೂರು ನೋಡ್‌ಗಳಿದ್ದು ಒಂದೇ ಡಿಸ್ಕ್ ದಾರಿ ಇದ್ದರೆ ಮೂರು ಕೀಲಿಗಳು ಕಾಣಬೇಕು. ಹೀಗೆ ಫೆನ್ಸ್ ಆದ ಯಂತ್ರ ಮತ್ತೆ ಕ್ಲಸ್ಟರ್ ಸೇರುವ ಮುನ್ನ ರೀಬೂಟ್ ಆಗಲೇಬೇಕು, ಏಕೆಂದರೆ ಅದರ ಕರ್ನೆಲ್‌ನಲ್ಲಿ ಹಳೆಯ ಲಾಕ್‌ಗಳೂ ಬರೆಯದೆ ಉಳಿದ ಮಾಹಿತಿಯೂ ಕುಳಿತಿರುತ್ತವೆ.

ಫೆನ್ಸಿಂಗ್ ಸೋಲಲು ಬೇರೆ ಕಾರಣಗಳೂ ಇವೆ, ಅವು ಸರಳ. ಬಿಎಂಸಿಯ ಗುಪ್ತಪದ ಬದಲಾಗಿ ಕ್ಲಸ್ಟರ್‌ಗೆ ತಿಳಿಸಿರುವುದಿಲ್ಲ. ‘ಲ್ಯಾನ್‌ಪ್ಲಸ್’ ಆಯ್ಕೆ ಹಾಕಿರುವುದಿಲ್ಲ. ಕೆಲವು ಬಿಎಂಸಿಗಳು ನಿಧಾನ, ಪೂರ್ವನಿಯೋಜಿತ 60 ಸೆಕೆಂಡಿನ ಮಿತಿಯೊಳಗೆ ಉತ್ತರ ಕೊಡುವುದಿಲ್ಲ. ಏಜೆಂಟನ್ನು ಕೈಯಿಂದಲೇ ‘ಸ್ಟೇಟಸ್’ ಕ್ರಿಯೆಯೊಂದಿಗೆ ಓಡಿಸಿದರೆ ಇವು ಕೂಡಲೇ ಬಯಲಾಗುತ್ತವೆ.

ಇನ್ನೊಂದು ಕೆಟ್ಟ ಅಭ್ಯಾಸದ ಬಗ್ಗೆ ಎಚ್ಚರಿಸಲೇಬೇಕು. ಫೆನ್ಸಿಂಗ್ ಹೊಂದಿಸುವುದು ಕಷ್ಟವೆಂದು ‘ಸ್ಟೋನಿತ್-ಎನೇಬಲ್ಡ್’ ಅನ್ನು ‘ಫಾಲ್ಸ್’ ಮಾಡಿದರೆ ಡಿಎಲ್‌ಎಂ ನಡೆಸುವ ‘ಕಂಟ್ರೋಲ್‌ಡಿ’ ಏಜೆಂಟ್ ಶುರುವಾಗಲು ಒಪ್ಪುವುದಿಲ್ಲ. ಆಗ ಹುಡುಕಾಡಿ ‘ಅಲೋ_ಸ್ಟೋನಿತ್_ಡಿಸೇಬಲ್ಡ್’ ಎಂಬ ಆಯ್ಕೆ ಕಂಡುಹಿಡಿದು ಅದನ್ನು ‘ಟ್ರೂ’ ಮಾಡುವವರಿದ್ದಾರೆ. ವ್ಯವಸ್ಥೆ ಎದ್ದು ನಿಲ್ಲುತ್ತದೆ, ದಿನಗಟ್ಟಲೆ ಚೆನ್ನಾಗಿಯೇ ಓಡುತ್ತದೆ. ಕಾವಲುಗಾರನನ್ನು ಕಳಿಸಿದ ಸಂಗತಿ ತಿಳಿಯುವುದು ಮೊದಲ ನೋಡ್ ಸತ್ತ ದಿನ. ಬೇರೊಬ್ಬರು ಕಟ್ಟಿದ ಕ್ಲಸ್ಟರ್ ನಿಮ್ಮ ಕೈಗೆ ಬಂದರೆ ‘ಪಿಸಿಎಸ್ ಪ್ರಾಪರ್ಟಿ ಕಾನ್ಫಿಗ್’ ಮತ್ತು ‘ಪಿಸಿಎಸ್ ರಿಸೋರ್ಸ್ ಕಾನ್ಫಿಗ್’ ಕೊಡುವ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದದ್ದು ಈ ಎರಡು ಸಾಲುಗಳನ್ನು.

ಕೋರಂ

‘ಕೋರೋಸಿಂಕ್-ಕೋರಂಟೂಲ್ -ಎಸ್’ ಮತಗಳ ಲೆಕ್ಕ ತೋರಿಸುತ್ತದೆ. ಮೂರು ನೋಡ್‌ಗಳಲ್ಲಿ ಕೋರಂಗೆ 2 ಮತ ಬೇಕು. ಎರಡು ಯಂತ್ರಗಳು ಹೋಗಿ ಒಂದೇ ಉಳಿದರೆ ಅದು ನಿಲ್ಲುವುದು ಸಹಜ, ಅಲ್ಲಿ ದೋಷ ಹುಡುಕಬೇಡಿ. ಎರಡನೆಯ ಯಂತ್ರವನ್ನು ಮೇಲೆತ್ತಿ.

ದೋಷ ಇರುವುದು ಬೇರೆ ಕಡೆ. ಪೇಸ್‌ಮೇಕರ್‌ನ ಪೂರ್ವನಿಯೋಜಿತ ನೀತಿ ಕೋರಂ ಹೋದಾಗ ಎಲ್ಲ ಸೇವೆಗಳನ್ನೂ ನಿಲ್ಲಿಸುವುದು. ಜಿಎಫ್‌ಎಸ್2 ನಿಲ್ಲಿಸಬೇಕೆಂದರೆ ಅನ್‌ಮೌಂಟ್ ಆಗಬೇಕು, ಅನ್‌ಮೌಂಟ್‌ಗೆ ಡಿಎಲ್‌ಎಂ ಬೇಕು, ಡಿಎಲ್‌ಎಂಗೆ ಕೋರಂ ಬೇಕು. ಹೀಗೆ ನಿಲ್ಲಿಸುವ ಕ್ರಿಯೆಯೇ ಸೋತು, ಕೋರಂ ಮರಳಿದ ಕ್ಷಣದಲ್ಲಿ ಯಂತ್ರಗಳು ಒಂದರ ಹಿಂದೊಂದು ಫೆನ್ಸ್ ಆಗುತ್ತವೆ. ‘ನೋ-ಕೋರಂ-ಪಾಲಿಸಿ’ಯನ್ನು ‘ಫ್ರೀಜ್’ ಮಾಡಿಟ್ಟರೆ ಕೋರಂ ಬರುವವರೆಗೆ ಇದ್ದಲ್ಲೇ ಇರುತ್ತದೆ. ನೆಟ್‌ವರ್ಕ್ ಸ್ವಿಚ್ ಒಂದು ರೀಬೂಟ್ ಆದಾಗೆಲ್ಲ ಕ್ಲಸ್ಟರ್ ಪೂರ್ತಿ ಮಗುಚಿ ಬೀಳುತ್ತಿದೆ ಎಂಬ ದೂರಿಗೆ ಈ ಒಂದು ಸಾಲು ಉತ್ತರವಾಗಿರಬಹುದು.

ನೆಟ್‌ವರ್ಕ್: ಅರ್ಧ ಕೆಲಸ ಮಾಡುವ ದಾರಿಗಳು

‘ಪಿಸಿಎಸ್ ಸ್ಟೇಟಸ್’ನಲ್ಲಿ ಮೂರೂ ನೋಡ್‌ಗಳು ಆನ್‌ಲೈನ್, ಫೆನ್ಸಿಂಗ್ ಬಾಕಿ ಇಲ್ಲ, ಆದರೂ ಎರಡನೇ ನೋಡ್‌ನಲ್ಲಿ ಮೌಂಟ್ ಆಗುತ್ತಿಲ್ಲ ಅಥವಾ ಡಿಎಲ್‌ಎಂ ಸದಸ್ಯರ ಪಟ್ಟಿ ಅಪೂರ್ಣವಾಗಿದೆ ಎಂದಾದರೆ ಫೈರ್‌ವಾಲ್ ನೋಡಿ. ಕೋರೋಸಿಂಕ್ ಮಾತನಾಡುವುದು ಯುಡಿಪಿ 5405ರ ಆಸುಪಾಸಿನಲ್ಲಿ. ಡಿಎಲ್‌ಎಂ ಮಾತನಾಡುವುದು ಟಿಸಿಪಿ 21064ರಲ್ಲಿ. ಮೊದಲನೆಯದು ತೆರೆದು ಎರಡನೆಯದು ಮುಚ್ಚಿದ್ದರೆ ಸದಸ್ಯತ್ವ ಸರಿ ಕಾಣುತ್ತದೆ, ಲಾಕ್ ಮಾತ್ರ ಸಿಗುವುದಿಲ್ಲ. ಫೈರ್‌ವಾಲ್‌ಡಿಯ ‘ಹೈ-ಅವೈಲೆಬಿಲಿಟಿ’ ಸೇವೆ ಇವೆಲ್ಲವನ್ನೂ ಒಟ್ಟಿಗೆ ತೆರೆಯುತ್ತದೆ; ಕೈಯಿಂದ ಒಂದೊಂದೇ ಪೋರ್ಟ್ ತೆರೆದಿರುವಲ್ಲಿ 21064 ಬಿಟ್ಟುಹೋಗಿರುತ್ತದೆ.

ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ನೆಟ್‌ವರ್ಕ್ ಪ್ಯಾಕೆಟ್) ಇನ್ನೊಂದು ಗುಂಡಿ. ಸರ್ವರ್‌ಗಳಲ್ಲಿ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000, ನಡುವಿನ ಸ್ವಿಚ್‌ನಲ್ಲಿ 1500 ಇದ್ದರೆ ಪುಟ್ಟ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಕಾಣೆಯಾಗುತ್ತವೆ. ಸಾಮಾನ್ಯ ಪಿಂಗ್ ಇದನ್ನು ತೋರಿಸುವುದಿಲ್ಲ. ಪ್ಯಾಕೆಟ್ ತುಂಡರಿಸಬೇಡ ಎಂಬ ಆಯ್ಕೆಯೊಂದಿಗೆ 8972 ಬೈಟ್‌ಗಳ ಪಿಂಗ್ ಕಳಿಸಿ. 28 ಬೈಟ್ ತಲೆಬರಹ ಸೇರಿ ಅದು ಸರಿಯಾಗಿ 9000 ಆಗುತ್ತದೆ. ಹೋಗದಿದ್ದರೆ ಅಪರಾಧಿ ಸಿಕ್ಕಿದಂತೆ.

ಹೆಸರಿನ ಗೊಂದಲ ಡೆಬಿಯನ್‌ನಲ್ಲಿ ಹೆಚ್ಚು. ಅಲ್ಲಿ ‘/ಇಟಿಸಿ/ಹೋಸ್ಟ್ಸ್’ ಫೈಲಿನಲ್ಲಿ ಯಂತ್ರದ ಸ್ವಂತ ಹೆಸರು 127.0.1.1ಕ್ಕೆ ಕಟ್ಟಿಕೊಂಡಿರುತ್ತದೆ. ತುಂಗಾ ತನ್ನ ವಿಳಾಸ ಕೇಳಿದರೆ ಯಾರಿಗೂ ತಲುಪದ ವಿಳಾಸ ಸಿಗುತ್ತದೆ. ಆ ಸಾಲು ತೆಗೆದು ಮೂರೂ ಯಂತ್ರಗಳ ನಿಜವಾದ ವಿಳಾಸಗಳನ್ನು ಮೂರರಲ್ಲೂ ಒಂದೇ ರೀತಿ ಬರೆಯಿರಿ.

ಇನ್ನು ಕಾರಣವಿಲ್ಲದೆ ಆಗಾಗ ಒಂದು ನೋಡ್ ಫೆನ್ಸ್ ಆಗುತ್ತಿದ್ದರೆ ಕೋರೋಸಿಂಕ್ ಲಾಗ್‌ನಲ್ಲಿ ಟೋಕನ್ (ನೋಡ್‌ಗಳ ನಡುವೆ ಸುತ್ತುತ್ತಿರುವ ಗುರುತು) ಬರಲಿಲ್ಲ ಎಂಬ ಸಂದೇಶ ಹುಡುಕಿ. ಕೋರೋಸಿಂಕ್‌ನ ಈಗಿನ ಆವೃತ್ತಿಗಳಲ್ಲಿ ಟೋಕನ್ ಅವಧಿ 3000 ಮಿಲಿಸೆಕೆಂಡ್. ಎರಡಕ್ಕಿಂತ ಹೆಚ್ಚಿನ ಪ್ರತಿ ನೋಡ್‌ಗೆ 650 ಸೇರುತ್ತದೆ, ಅಂದರೆ ನಮ್ಮ ಮೂವರಿಗೆ 3650. ವರ್ಚುವಲ್ ಯಂತ್ರವನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಚಾಲೂ ಸ್ಥಿತಿಯಲ್ಲೇ ಸಾಗಿಸುವಾಗ ಅಥವಾ ಬ್ಯಾಕಪ್‌ಗಾಗಿ ಸ್ನ್ಯಾಪ್‌ಶಾಟ್ ತೆಗೆಯುವಾಗ ಅದು ಅಷ್ಟು ಹೊತ್ತು ಹೆಪ್ಪುಗಟ್ಟಿದರೆ ಉಳಿದವರು ಅದನ್ನು ಸತ್ತಿತೆಂದೇ ತಿಳಿಯುತ್ತಾರೆ. ಫೆನ್ಸ್ ಆದ ಸಮಯವನ್ನು ಬ್ಯಾಕಪ್ ವೇಳಾಪಟ್ಟಿಯ ಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಎರಡೂ ಹೊಂದುತ್ತವೆ.

ಡಿಸ್ಕಿನ ಕಡೆಯ ದೋಷಗಳು

ಒಂದು ವರ್ಚುವಲ್ ಯಂತ್ರವನ್ನು ಪೂರ್ತಿ ಸಿದ್ಧಪಡಿಸಿ ಅದರ ನಕಲು ತೆಗೆದು ಉಳಿದೆರಡು ಮಾಡುವುದು ವೇಗದ ದಾರಿ. ಆದರೆ ‘/ಇಟಿಸಿ/ಐಎಸ್‌ಸಿಎಸ್‌ಐ/ಇನಿಷಿಯೇಟರ್‌ನೇಮ್.ಐಎಸ್‌ಸಿಎಸ್‌ಐ’ ಫೈಲ್ ಕೂಡ ನಕಲಾಗುತ್ತದೆ, ಮೂರು ಯಂತ್ರಗಳೂ ಒಂದೇ ಹೆಸರಿನಲ್ಲಿ ಸ್ಟೋರೇಜ್‌ಗೆ ಲಾಗಿನ್ ಆಗುತ್ತವೆ. ಹಿಂದಿನವನೇ ಮತ್ತೆ ಬಂದನೆಂದು ತಿಳಿದು ಸ್ಟೋರೇಜ್ ಹಳೆಯ ಸಂಪರ್ಕವನ್ನು ಕಡಿಯುತ್ತದೆ. ಕಡಿಸಿಕೊಂಡವನು ಮತ್ತೆ ಲಾಗಿನ್ ಆಗಿ ಹೊಸಬನನ್ನು ಹೊರದೂಡುತ್ತಾನೆ. ಕರ್ನೆಲ್ ಲಾಗ್‌ನಲ್ಲಿ ಸಂಪರ್ಕ ದೋಷ 1020 ಪದೇಪದೇ ಕಾಣುವುದು ಇದರ ಗುರುತು. ಮೂರರಲ್ಲೂ ಬೇರೆಬೇರೆ ಹೆಸರು ಕೊಟ್ಟು ಲಾಗಿನ್ ಹೊಸದಾಗಿ ಮಾಡಿದರೆ ನಿಲ್ಲುತ್ತದೆ.

ಆಲ್ಮಾಲಿನಕ್ಸ್‌ನ ಎಂಟರಿಂದ ಒಂಬತ್ತನೇ ಆವೃತ್ತಿಗೆ ಬಂದವರು ಎಡವುವ ಜಾಗ ಎಲ್‌ವಿಎಂ ಸಾಧನಗಳ ಪಟ್ಟಿ. ಒಂಬತ್ತರಲ್ಲಿ ಈ ಪಟ್ಟಿಯಲ್ಲಿ ಇಲ್ಲದ ಡಿಸ್ಕನ್ನು ಎಲ್‌ವಿಎಂ ನೋಡುವುದೇ ಇಲ್ಲ. ತುಂಗಾದಲ್ಲಿ ವಾಲ್ಯೂಮ್ ಗ್ರೂಪ್ ರಚಿಸಿದಾಗ ಅಲ್ಲಿನ ಪಟ್ಟಿಗೆ ಡಿಸ್ಕ್ ತಾನಾಗಿ ಸೇರುತ್ತದೆ. ಭದ್ರಾ, ಶರಾವತಿಗಳಲ್ಲಿ ಸೇರುವುದಿಲ್ಲ. ‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ ಡಿಸ್ಕ್ ಕಾಣುತ್ತದೆ, ‘ವಿಜಿಎಸ್’ನಲ್ಲಿ ಗುಂಪು ಕಾಣುವುದಿಲ್ಲ. ‘ಎಲ್‌ವಿಎಂಡಿವೈಸಸ್ --ಆ್ಯಡ್‌ಡೆವ್’ ಆ ಎರಡರಲ್ಲೂ ಕೊಡಬೇಕು.

ಗ್ಲೋಬಲ್ ಲಾಕ್ ಸಿಗಲಿಲ್ಲ ಎಂಬ ಎಲ್‌ವಿಎಂ ಸಂದೇಶ ಬಂದರೆ ‘ಎಲ್‌ವಿಎಂ.ಕಾನ್ಫ್’ನಲ್ಲಿ ‘ಯೂಸ್_ಎಲ್‌ವಿಎಂಲಾಕ್‌ಡಿ’ 1 ಆಗಿದೆಯೇ, ಡಿಎಲ್‌ಎಂ ಮತ್ತು ಎಲ್‌ವಿಎಂಲಾಕ್‌ಡಿ ಸೇವೆಗಳು ಆ ನೋಡ್‌ನಲ್ಲಿ ಎದ್ದಿವೆಯೇ, ಆಮೇಲೆ ‘ವಿಜಿಚೇಂಜ್ --ಲಾಕ್‌ಸ್ಟಾರ್ಟ್’ ನಡೆದಿದೆಯೇ ಎಂದು ಇದೇ ಕ್ರಮದಲ್ಲಿ ನೋಡಿ. ಕ್ರಮ ಮುಖ್ಯ, ಪ್ರತಿಯೊಂದೂ ಹಿಂದಿನದರ ಮೇಲೆ ನಿಂತಿದೆ.

ಮೌಂಟ್ ಕೂಡಲೇ ನಿರಾಕರಿಸಿದರೆ

ಸ್ತಬ್ಧವಾಗುವುದಕ್ಕಿಂತ ನಿರಾಕರಣೆ ಸುಲಭದ ರೋಗ, ಕಾರಣ ‘ಡಿಮೆಸೇಜ್’ನಲ್ಲೇ ಇರುತ್ತದೆ. ನಾಲ್ಕನೇ ಸರ್ವರ್ ಸೇರಿಸಿದಾಗ ಜರ್ನಲ್ 3 ಸಿಗುವುದಿಲ್ಲ, ಇರುವುದು 0ಯಿಂದ 2ರವರೆಗೆ ಮಾತ್ರ ಎಂಬ ಅರ್ಥದ ಸಾಲು ಬಂದರೆ ಫಾರ್ಮ್ಯಾಟ್ ಮಾಡುವಾಗ ಮೂರೇ ಜರ್ನಲ್ ಇಡಲಾಗಿತ್ತು. ಮೌಂಟ್ ಆಗಿರುವ ನೋಡ್‌ನಿಂದ ‘ಜಿಎಫ್‌ಎಸ್2_ಜೆಆ್ಯಡ್’ ಬಳಸಿ ಸೇರಿಸಬಹುದು, ಪ್ರತಿ ಜರ್ನಲ್‌ಗೆ ಸಾಮಾನ್ಯವಾಗಿ 128 ಎಂಬಿ ಹೋಗುತ್ತದೆ. ಮೊದಲೇ ಒಂದೆರಡು ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು; ಡಿಸ್ಕ್ ಪೂರ್ತಿ ತುಂಬಿದ ದಿನ ಜರ್ನಲ್ ಸೇರಿಸಲು ಜಾಗವೇ ಇರುವುದಿಲ್ಲ.

ಇನ್ನೊಂದು ಕಾರಣ ಲಾಕ್ ಟೇಬಲ್‌ನ ಹೆಸರು. ‘ಮಲೆನಾಡು:ಕಣಜ’ ಎಂಬುದರ ಮೊದಲ ಭಾಗ ಕ್ಲಸ್ಟರ್‌ನ ಹೆಸರಿಗೆ ಅಕ್ಷರಶಃ ಹೊಂದಬೇಕು. ಕ್ಲಸ್ಟರ್ ಹೊಸದಾಗಿ ಕಟ್ಟುವಾಗ ಹೆಸರು ಬದಲಿಸಿ ಹಳೆಯ ಡಿಸ್ಕ್ ಜೋಡಿಸಿದರೆ ಡಿಎಲ್‌ಎಂ ನಿರಾಕರಿಸುತ್ತದೆ. ಎಲ್ಲ ಕಡೆ ಅನ್‌ಮೌಂಟ್ ಆಗಿರುವುದನ್ನು ನೋಡಿಕೊಂಡು ‘ಟ್ಯೂನ್‌ಜಿಎಫ್‌ಎಸ್2’ನಿಂದ ಹೆಸರು ಸರಿಪಡಿಸಬಹುದು. ಇಂಥ ಹೊತ್ತಿನಲ್ಲಿ ‘ಲಾಕ್_ನೋಲಾಕ್’ ಎಂಬ ಪ್ರೋಟೋಕಾಲ್ ಕೊಟ್ಟು ಮೌಂಟ್ ಮಾಡುವ ಆಸೆ ಹುಟ್ಟುತ್ತದೆ. ಅದರಲ್ಲಿ ಕ್ಲಸ್ಟರ್ ಲಾಕ್‌ಗಳೇ ಇರುವುದಿಲ್ಲ. ಡಿಸ್ಕ್ ಬೇರೆ ಯಾವ ಯಂತ್ರಕ್ಕೂ ತಲುಪದಂತೆ ಕಡಿದಿರುವಾಗ ಮಾತ್ರ ಬಳಸಬೇಕು.

ಲಾಗ್‌ನಲ್ಲಿ ‘ವಿತ್‌ಡ್ರಾ’ ಎಂಬ ಪದ ಕಂಡರೆ ವಿಷಯ ಬೇರೆ. ಡಿಸ್ಕಿನಿಂದ ಬಂದ ಮಾಹಿತಿ ತನ್ನ ನಿರೀಕ್ಷೆಗೆ ಹೊಂದುತ್ತಿಲ್ಲ ಅಥವಾ ಬರೆಯಲಾಗುತ್ತಿಲ್ಲ ಎಂದು ಆ ನೋಡ್ ಫೈಲ್ ಸಿಸ್ಟಮ್‌ನಿಂದ ಹಿಂದೆ ಸರಿದಿದೆ. ಮೊದಲು ಅದರ ಮೇಲಿನ ಸಾಲುಗಳನ್ನು ಓದಿ. ಐ/ಒ ದೋಷವಿದ್ದರೆ ಸ್ಟೋರೇಜ್ ದಾರಿ ನೋಡಬೇಕು. ಅಮಾನ್ಯ ಮೆಟಾಡೇಟಾ ಬ್ಲಾಕ್ ಎಂದಿದ್ದರೆ ಮಾತ್ರ ಎಲ್ಲ ನೋಡ್‌ಗಳಲ್ಲೂ ಅನ್‌ಮೌಂಟ್ ಮಾಡಿ, ಬ್ಯಾಕಪ್ ಇರುವುದನ್ನು ಖಚಿತಪಡಿಸಿಕೊಂಡು, ಒಂದೇ ಒಂದು ನೋಡ್‌ನಿಂದ ಎಫ್‌ಎಸ್‌ಸಿಕೆ ಓಡಿಸಬೇಕು. ಹಾಳಾಗಲು ಕಾರಣ ಹುಡುಕುವಾಗ ಆ ಹಿಂದೆ ಯಾರಾದರೂ ‘ಸ್ಟೋನಿತ್ ಕನ್‌ಫರ್ಮ್’ ಕೊಟ್ಟಿದ್ದರೇ ಎಂದೂ ಕೇಳಿ.

ನಿಂತಿಲ್ಲ, ತೆವಳುತ್ತಿದೆ

ಇದು ಬೇರೆಯದೇ ರೋಗ, ಇಲ್ಲಿ ಲಾಕ್‌ಗಳು ಓಡಾಡುತ್ತಿವೆ, ಅತಿಯಾಗಿ ಓಡಾಡುತ್ತಿವೆ. ಎರಡು ನೋಡ್‌ಗಳು ಒಂದೇ ಡೈರೆಕ್ಟರಿಯಲ್ಲಿ ಎಡೆಬಿಡದೆ ಫೈಲ್ ರಚಿಸುತ್ತಿದ್ದರೆ ಆ ಡೈರೆಕ್ಟರಿಯ ಲಾಕ್ ಚೆಂಡಿನಂತೆ ಪುಟಿಯುತ್ತದೆ, ಪ್ರತಿ ಸಲ ಕೈ ಬದಲಿಸುವಾಗ ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಬರೆದು ಬಿಡಬೇಕಾಗುತ್ತದೆ. ಪ್ರತಿ ನೋಡ್‌ಗೂ ತನ್ನದೇ ಉಪಡೈರೆಕ್ಟರಿ ಕೊಟ್ಟರೆ ಈ ಜಗ್ಗಾಟ ಬಹುಪಾಲು ನಿಲ್ಲುತ್ತದೆ.

ಯಾವ ಫೈಲಿಗಾಗಿ ಜಗ್ಗಾಟ ಎಂದು ತಿಳಿಯಲು ಕರ್ನೆಲ್ ತನ್ನ ಒಳಸ್ಥಿತಿ ತೋರಿಸುವ ಡಿಬಗ್‌ಎಫ್‌ಎಸ್ ಅಡಿಯ ಜಿಎಫ್‌ಎಸ್2 ಡೈರೆಕ್ಟರಿಯಲ್ಲಿ ‘ಮಲೆನಾಡು:ಕಣಜ’ದ ಒಳಗೆ ‘ಜಿಲಾಕ್ಸ್’ ಫೈಲ್ ಓದಬೇಕು. ‘ಜಿ’ಯಿಂದ ಶುರುವಾಗುವ ಸಾಲು ಒಂದು ಲಾಕ್, ಅದರ ಕೆಳಗಿನ ‘ಎಚ್’ ಸಾಲುಗಳು ಹಿಡಿದಿರುವವರು ಮತ್ತು ಕಾಯುತ್ತಿರುವವರು. ಕಾಯುವವರಿಗೆ ‘ಡಬ್ಲ್ಯೂ’ ಗುರುತು ಇರುತ್ತದೆ. ಯಾವ ಲಾಕಿನ ಕೆಳಗೆ ‘ಡಬ್ಲ್ಯೂ’ ಸಾಲುಗಳು ಉದ್ದಕ್ಕೆ ಬೆಳೆದಿವೆಯೋ ಅದು ಬಿಸಿಯಾದ ಜಾಗ. ಲಾಕಿನ ಹೆಸರು ‘2/805ಬಿ’ ಎಂದಿದ್ದರೆ 2 ಎಂದರೆ ಇನೋಡ್ ಜಾತಿ, ಮುಂದಿನದು ಹದಿನಾರರ ಲೆಕ್ಕದಲ್ಲಿ ಇನೋಡ್ ಸಂಖ್ಯೆ, ದಶಮಾನದಲ್ಲಿ 32859. ‘ಫೈಂಡ್ -ಐನಮ್’ನಿಂದ ಫೈಲ್ ಸಿಗುತ್ತದೆ, ಆದರೆ ಈ ಹುಡುಕಾಟವೂ ಲಾಕ್ ಕೇಳುತ್ತದೆ, ಜನ ಕಡಿಮೆ ಇರುವ ಹೊತ್ತಿನಲ್ಲಿ ಮಾಡಿ. 3 ಎಂದಿದ್ದರೆ ಸಂಪನ್ಮೂಲ ಗುಂಪು. ಜಾಗ ಹುಡುಕುವ ಜಗ್ಗಾಟ, ಡಿಸ್ಕ್ ಬಹುತೇಕ ತುಂಬಿರುವಾಗ ಕಾಣುವಂಥದ್ದು.

ಮೌಂಟ್ ಆಯ್ಕೆಯಲ್ಲಿ ‘ನೋಏಟೈಮ್’ ಇಲ್ಲದಿದ್ದರೆ ಈಗಲೇ ಹಾಕಿ. ಓದಿದ ಸಮಯ ಬರೆದಿಡುವ ಪದ್ಧತಿಯಿಂದ ಬರೀ ಓದು ಕೂಡ ಬರವಣಿಗೆಯ ಲಾಕ್ ಕೇಳುವಂತಾಗುತ್ತದೆ. ರಾತ್ರಿ ಬ್ಯಾಕಪ್ ಒಂದೇ ನೋಡ್‌ನಿಂದ ಇಡೀ ಫೈಲ್ ಸಿಸ್ಟಮ್ ಓದಿದರೆ ಬೆಳಗ್ಗೆ ಲಕ್ಷಾಂತರ ಲಾಕ್‌ಗಳು ಅದರ ಬಳಿ ಉಳಿದು ಉಳಿದವರಿಗೆಲ್ಲ ನಿಧಾನವಾಗುತ್ತದೆ. ಬ್ಯಾಕಪ್ ಮುಗಿದ ಕೂಡಲೇ ಆ ನೋಡ್‌ನಲ್ಲಿ ‘ಡ್ರಾಪ್_ಕ್ಯಾಶಸ್’ಗೆ 3 ಬರೆದರೆ ಅವು ಬಿಡುಗಡೆಯಾಗುತ್ತವೆ. ಫೈಲ್ ಲಾಕ್ ಬಳಸುವ ಅಪ್ಲಿಕೇಶನ್‌ಗಳಲ್ಲಿ ‘ಎಫ್‌ಲಾಕ್’ಗೂ ಪೋಸಿಕ್ಸ್ ಲಾಕ್‌ಗೂ ವ್ಯತ್ಯಾಸ ದೊಡ್ಡದು. ಎಫ್‌ಲಾಕ್ ಜಿಎಫ್‌ಎಸ್2ರ ಸ್ವಂತ ಲಾಕ್‌ಗಳ ಮೂಲಕ ಕರ್ನೆಲ್‌ನಲ್ಲೇ ಮುಗಿಯುತ್ತದೆ, ಪೋಸಿಕ್ಸ್ ಲಾಕ್ ‘ಡಿಎಲ್‌ಎಂ_ಕಂಟ್ರೋಲ್‌ಡಿ’ ಮತ್ತು ಕೋರೋಸಿಂಕ್ ಸುತ್ತಿಕೊಂಡು ಬರುತ್ತದೆ. ಅಪ್ಲಿಕೇಶನ್‌ನಲ್ಲಿ ಆಯ್ಕೆ ಇದ್ದರೆ ಮೊದಲನೆಯದನ್ನೇ ಆರಿಸಿ.

ಆವೃತ್ತಿ ಏರಿಸಿದ ಮೇಲೆ ಮೌಂಟ್ ಆಗದಿದ್ದರೆ

ಆಲ್ಮಾಲಿನಕ್ಸ್‌ನ ಹತ್ತನೇ ಆವೃತ್ತಿಗೆ ಹೋದ ಮೇಲೆ ಜಿಎಫ್‌ಎಸ್2 ಎಂಬ ಫೈಲ್ ಸಿಸ್ಟಮ್ ಜಾತಿಯೇ ಗೊತ್ತಿಲ್ಲ ಎಂದು ಮೌಂಟ್ ಹೇಳಿದರೆ ಸಂರಚನೆಯಲ್ಲಿ ತಪ್ಪು ಹುಡುಕಿ ದಣಿಯಬೇಡಿ. ರೆಡ್ ಹ್ಯಾಟ್ ತನ್ನ ಲಿನಕ್ಸ್‌ನ 10ನೇ ಆವೃತ್ತಿಯಿಂದ ಇದರ ಬೆಂಬಲವನ್ನೇ ಕೈಬಿಟ್ಟಿದೆ. 2006ರಲ್ಲಿ 2.6.19ರೊಂದಿಗೆ ಲಿನಕ್ಸ್ ಕರ್ನೆಲ್ ಸೇರಿದ ಜಿಎಫ್‌ಎಸ್2ರ ಮೂಲಸಂಕೇತ ಮುಖ್ಯ ಕರ್ನೆಲ್‌ನಲ್ಲಿ ಈಗಲೂ ಇದೆ, ಆ ವಿತರಣೆಯಲ್ಲಿ ಮಾತ್ರ ಇಲ್ಲ. ಒಂಬತ್ತರ ನಿರ್ವಹಣೆ 2032ರ ಮೇವರೆಗೆ ಇರುವುದರಿಂದ ಇರುವ ಕ್ಲಸ್ಟರನ್ನು ಅಲ್ಲೇ ನಿಲ್ಲಿಸಿಕೊಂಡು ಸ್ಥಳಾಂತರಕ್ಕೆ ಯೋಜನೆ ಹಾಕಲು ಸಮಯವಿದೆ. ಹಲವು ಸರ್ವರ್‌ಗಳಿಗೆ ಒಂದು ಡೈರೆಕ್ಟರಿ ಕಾಣಬೇಕೆಂಬುದಷ್ಟೇ ಅಗತ್ಯವಾದರೆ ಎನ್‌ಎಫ್‌ಎಸ್ ಸಾಕು, ಅದರ ದೋಷಗಳನ್ನು ಹುಡುಕುವುದೂ ಸುಲಭ. ಡಿಸ್ಕ್ ಹಂಚಿಕೆಯೇ ಬೇಡ, ಪ್ರತಿ ಸರ್ವರ್‌ನ ಸ್ವಂತ ಡಿಸ್ಕ್ ಸೇರಿಸಿ ಕಟ್ಟುತ್ತೇವೆ ಎನ್ನುವವರಿಗೆ ಸೆಫ್‌ಎಫ್‌ಎಸ್ ಇದೆ. ಹಂಚಿಕೆಯ ಡಿಸ್ಕೇ ಬೇಕು ಎನ್ನುವವರು ಒರಾಕಲ್‌ನ ಒಸಿಎಫ್‌ಎಸ್2 ನೋಡಬಹುದು. ಅಲ್ಲಿಯೂ ನೋಡ್ ಸತ್ತಾಗ ಕಾಯುವಿಕೆ ಇದ್ದೇ ಇರುತ್ತದೆ, ಹಾರ್ಟ್‌ಬೀಟ್ (ಬದುಕಿದ್ದೇನೆ ಎಂಬ ಸಂಕೇತ) ಮತ್ತು ಫೆನ್ಸಿಂಗ್ ವಿಧಾನ ಬೇರೆ, ಅವುಗಳ ಅವಧಿಗಳನ್ನು ಮೊದಲೇ ಓದಿಕೊಂಡು ಹೊಂದಿಸಿ.